ಮರುಟಪಾಲು ಬೇಡದ ಓಲೆ

ಪಾಟರಿ ರಸ್ತೆ ಎಂದರೆ ಬೆಂಗಳೂರಿನ ಬಹುಪಾಲು ಜನರಿಗೆ ಅದರಾಚೆಯ ಪಾಟರಿ ಟೌನ್, ಕುಂಬಾರರ ಕೇರಿ, ಹಬ್ಬಕ್ಕೆ ಮುನ್ನ ಸಾಲಾಗಿ ಒಣಗುವ ಮಣ್ಣಿನ ಗಣಪನ ಮೂರ್ತಿಗಳು ನೆನಪಾಗುತ್ತವೆ. ಪುಲಿಕೇಶಿನಗರದ ಇದೇ ರಸ್ತೆಯಲ್ಲಿ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ ಎಂಬ ಸಂಸ್ಥೆಯಿರುವುದು ಹೆಚ್ಚು ಜನರಿಗೆ ತಿಳಿಯದು. 1960ರ ದಶಕದಲ್ಲಿ ಹುಟ್ಟಿದ ಈ ಸಂಸ್ಥೆ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಆಸ್ಪತ್ರೆಗೂ ಮನೆಗೂ ನಡುವೆ ಕೆಲಕಾಲ ತಂಗಲು ನೆಲೆ ಕೊಟ್ಟಿತು. ದೇಶದಲ್ಲಿ ಇಂಥ ಮನೆಗಳ ಪೈಕಿ ತೀರಾ ಮೊದಲಿನವುಗಳಲ್ಲಿ ಇದೂ ಒಂದು. 2002ರಲ್ಲಿ ನಿಮ್ಹಾನ್ಸ್ ಮತ್ತು ರೋಟರಿ ಬೆಂಗಳೂರು ಈಸ್ಟ್ ಜೊತೆಗೂಡಿ ಇದೇ ಸಂಸ್ಥೆ ‘ಸಹಾಯ್’ ಎಂಬ ಸಹಾಯವಾಣಿ ಆರಂಭಿಸಿತು. ಬದುಕು ಸಾಕೆನ್ನಿಸಿದವರು ಹೆಸರು ಹೇಳದೆ ಫೋನ್ ಮಾಡಬಹುದಿತ್ತು. ತರಬೇತಿ ಪಡೆದ ಸ್ವಯಂಸೇವಕರು ಮಾತು ಕೇಳಿಸಿಕೊಳ್ಳುತ್ತಿದ್ದರು. ಉಪದೇಶವಿಲ್ಲ, ತೀರ್ಪಿಲ್ಲ.

ಈ ಬಡಾವಣೆಗೂ ದೂರವಾಣಿಗೂ ಹಳೆಯ ನಂಟಿದೆ. 1898ರಲ್ಲಿ ಪ್ಲೇಗು ಬಂದು ಪೇಟೆ, ದಂಡುಪ್ರದೇಶಗಳೆರಡೂ ತತ್ತರಿಸಿದಾಗ, ರೋಗ ತಡೆಯುವ ಕೆಲಸವನ್ನು ಸಂಯೋಜಿಸಲೆಂದೇ ಊರಿನಲ್ಲಿ ಟೆಲಿಫೋನ್ ತಂತಿ ಎಳೆದರು. ಇಕ್ಕಟ್ಟಾದ ಕೇರಿಗಳ ಜನರನ್ನು ಗಾಳಿ ಬೆಳಕಿರುವ ಕಡೆ ನೆಲೆಗೊಳಿಸಲು ಹೊಸ ಬಡಾವಣೆಗಳು ಎದ್ದವು. ದಂಡಿನ ಭಾಗದಲ್ಲಿ ಹಾಗೆ ಮೈದಳೆದದ್ದು ಫ್ರೇಜರ್ ಟೌನ್. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗುರುವಾಗಿದ್ದು ಮುಂದೆ ಮೈಸೂರಿನ ರೆಸಿಡೆಂಟ್ ಆದ ಸ್ಟುವರ್ಟ್ ಫ್ರೇಜರ್ ಹೆಸರು ಅದಕ್ಕೆ ಬಂತು. ಚಾಲುಕ್ಯ ಅರಸ ಪುಲಿಕೇಶಿಯ ಹೆಸರು ಆಮೇಲಿನದು. ಜೀವ ಉಳಿಸಲೆಂದು ತಂತಿ ಎಳೆದ ಕಾಲದಲ್ಲೇ ಚಿಗುರಿದ ಈ ನೆಲದಲ್ಲಿ, ನೂರು ವರ್ಷ ಕಳೆದ ಮೇಲೆ ಜೀವ ಉಳಿಸಲೆಂದೇ ಮತ್ತೊಂದು ಫೋನ್ ಬಂದು ಕೂತಿತು.

ಆದರೆ ಫೋನ್‌ಗೆ ಒಂದು ಮಿತಿಯಿದೆ. ಅದು ರಿಂಗಾಗುವವರೆಗೆ ಕಾಯಬೇಕು. ಸಹಾಯವಾಣಿಯಲ್ಲಿ ಕೆಲಸ ಮಾಡಿದವರಿಗೆ ‘ಹಲೋ’ ಎಂದ ಕೂಡಲೇ ಕಟ್ಟಾಗುವ ಕರೆಗಳು ಚೆನ್ನಾಗಿ ಗೊತ್ತು. ಲಿಂಗರಾಜಪುರದಲ್ಲೋ ಕಮ್ಮನಹಳ್ಳಿಯಲ್ಲೋ ಒಂದು ಪಿಜಿ ಕೋಣೆ ನೆನೆಸಿಕೊಳ್ಳಿ. ಮೂರು ಮಂಚ, ನಡುವೆ ಪ್ಲೈವುಡ್ ಗೋಡೆ, ಆಚೆ ಮತ್ತೆ ಮೂರು ಮಂಚ. ಅಲ್ಲಿರುವ ಹತ್ತೊಂಬತ್ತರ ಹುಡುಗಿ ‘ನನಗೆ ಬದುಕೋಕೆ ಆಗ್ತಿಲ್ಲ’ ಎಂದು ಬಾಯಿಬಿಟ್ಟು ಎಲ್ಲಿ ಹೇಳಬೇಕು? ಮೆಟ್ಟಿಲಲ್ಲಿ ನಿಂತರೆ ಓನರ್ ಆಂಟಿ ಇರುತ್ತಾರೆ. ಕೋಣೆಯಲ್ಲಿ ರೂಮ್‌ಮೇಟ್ ಇರುತ್ತಾಳೆ. ಬೆರಳಿನಲ್ಲಾದರೆ ಅವಳು ಎಲ್ಲವನ್ನೂ ಹೇಳಬಲ್ಲಳು, ಪಕ್ಕದ ಮಂಚಕ್ಕೂ ಕೇಳಿಸದ ಹಾಗೆ.

ಈ ಸಂಕಟದ ಗಾತ್ರ ತಿಳಿಯಲು ಒಂದು ಲೆಕ್ಕ ಸಾಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು 18ರಿಂದ 30 ವರ್ಷದೊಳಗಿನವರು. ವಿದ್ಯಾರ್ಥಿಗಳೇ 13,044.

ಇಂಥ ಮಕ್ಕಳಿಗೆ ಮೊಬೈಲ್ ಸಂದೇಶ ಆಸರೆಯಾಗಬಲ್ಲದೆ ಎಂದು ಹುಡುಕುತ್ತ ಹೋದಾಗ ನನಗೆ ಎದುರಾದದ್ದು ಮೊಬೈಲ್ ಅಲ್ಲವೇ ಅಲ್ಲ, ಟೈಪ್‌ರೈಟರ್‌ನಲ್ಲಿ ಬಡಿದ ಎರಡು ಸಾಲಿನ ಒಂದು ಕಾಗದ.

ಡಾಕ್ಟರ್ ಮೋಟೊ ಬರೆಸಿದ ಕಾಗದ

ಜೆರೋಮ್ ಮೋಟೊ ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಮನೆಯಿಂದ ದೂರವಿದ್ದಾಗ, ಪರಿಚಯದ ತರುಣಿಯೊಬ್ಬಳಿಂದ ಬರುತ್ತಿದ್ದ ಪತ್ರಗಳು ಆತನಿಗೆ ಸಮಾಧಾನ ತಂದಿದ್ದವು. ಅವಳು ಆತನಿಂದ ಏನನ್ನೂ ಬಯಸುತ್ತಿರಲಿಲ್ಲ. ಸುಮ್ಮನೆ ಬರೆಯುತ್ತಿದ್ದಳು. ಆ ಅನುಭವ ಆತನ ಮನಸ್ಸಿನಲ್ಲಿ ಉಳಿಯಿತು.

ಡಾಕ್ಟರಾದ ಮೇಲೆ ಮೋಟೊ ಕಂಡದ್ದು ಬೇರೆಯೇ ಲೋಕ. ಖಿನ್ನತೆಯಿಂದ, ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿದವರಲ್ಲಿ ಅನೇಕರು ಡಿಸ್ಚಾರ್ಜ್ ಆದ ಬಳಿಕ ಚಿಕಿತ್ಸೆಗೆ ಬರುತ್ತಿರಲಿಲ್ಲ. ಬಾರದವರನ್ನು ಆಸ್ಪತ್ರೆ ಮರೆಯುತ್ತಿತ್ತು. ಅಪಾಯ ಹೆಚ್ಚಿರುವುದೂ ಅದೇ ದಿನಗಳಲ್ಲಿ. 1969ರಲ್ಲಿ ಮೋಟೊ ಒಂದು ಅಧ್ಯಯನ ಆರಂಭಿಸಿದರು. ಒಟ್ಟು 3,005 ರೋಗಿಗಳ ಪೈಕಿ, ಚಿಕಿತ್ಸೆ ಬೇಡವೆಂದ ಅಥವಾ ಅರ್ಧಕ್ಕೆ ಬಿಟ್ಟ 843 ಮಂದಿಯನ್ನು ಗುರುತಿಸಿದರು. ಅವರಲ್ಲಿ 389 ಜನಕ್ಕೆ ಕಾಗದ ಹೋಗತೊಡಗಿತು. ಉಳಿದ 454 ಜನಕ್ಕೆ ಹೋಗಲಿಲ್ಲ.

ಆ ಕಾಗದದ ವಿವರಗಳಲ್ಲೇ ಎಲ್ಲ ಗುಟ್ಟೂ ಇದೆ. ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಮುಂದಿನ ಎಂಟು ತಿಂಗಳು ಎರಡು ತಿಂಗಳಿಗೊಂದು, ಆಮೇಲೆ ನಾಲ್ಕು ವರ್ಷ ಮೂರು ತಿಂಗಳಿಗೊಂದು. ಹೀಗೆ ಐದು ವರ್ಷದಲ್ಲಿ 24 ಕಾಗದ. ಬರೆಯುತ್ತಿದ್ದವರು ಆಸ್ಪತ್ರೆಯಲ್ಲಿ ಆ ರೋಗಿಯ ಜೊತೆ ಕೂತು ಮಾತಾಡಿದ್ದವರೇ. ಸಹಿಯೂ ಅವರದೇ. ಅಚ್ಚು ಹಾಕಿದ ಫಾರಂ ಅಲ್ಲ, ಪ್ರತಿಯೊಂದನ್ನೂ ಬೇರೆಯಾಗಿ ಟೈಪ್ ಮಾಡುತ್ತಿದ್ದರು. ಒಂದರ ಒಕ್ಕಣೆ ಇನ್ನೊಂದಕ್ಕೆ ಇರುತ್ತಿರಲಿಲ್ಲ. ನೀವು ಇಲ್ಲಿಂದ ಹೋಗಿ ಕೆಲಕಾಲವಾಯಿತು, ಚೆನ್ನಾಗಿದ್ದೀರಿ ಎಂದುಕೊಂಡಿದ್ದೇವೆ, ನಾಲ್ಕು ಸಾಲು ಬರೆದರೆ ಸಂತೋಷ ಎಂಬಷ್ಟೇ ಅರ್ಥ ಅದರಲ್ಲಿತ್ತು. ಮಾತ್ರೆ ತಗೊಂಡಿರಾ, ಓಪಿಡಿಗೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಜೊತೆಗೆ ಆಸ್ಪತ್ರೆಯ ವಿಳಾಸ ಬರೆದ ಲಕೋಟೆ ಇರುತ್ತಿತ್ತು, ಅದಕ್ಕೆ ಸ್ಟ್ಯಾಂಪ್ ಹಚ್ಚಿರುತ್ತಿರಲಿಲ್ಲ. ಹಚ್ಚಿದ್ದರೆ ಉತ್ತರ ಬರೆಯಲೇಬೇಕೆಂಬ ಹಂಗು ಬೀಳುತ್ತದಲ್ಲ! ಉತ್ತರ ಬಂದರೆ ಮುಂದಿನ ಕಾಗದದಲ್ಲಿ ಅದಕ್ಕೆ ಮಾರುತ್ತರ ಇರುತ್ತಿತ್ತು.

ಮೋಟೊ ಮತ್ತು ಅಲನ್ ಬಾಸ್ಟ್ರಮ್ ಈ ಅಧ್ಯಯನದ ಪೂರ್ಣ ಫಲಿತಾಂಶವನ್ನು 2001ರಲ್ಲಿ ಪ್ರಕಟಿಸಿದರು. ಕಾಗದ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಐದು ವರ್ಷವೂ ಕಡಿಮೆಯಿತ್ತು. ಕಾಗದ ಹೆಚ್ಚು ಬಂದ ಮೊದಲ ಎರಡು ವರ್ಷದಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಕಾಗದ ನಿಂತ ಮೇಲೆ ಎರಡೂ ಗುಂಪುಗಳ ನಡುವಿನ ಅಂತರ ಕರಗುತ್ತ ಹೋಯಿತು. ಮೋಟೊ 2015ರಲ್ಲಿ ತೀರಿಕೊಂಡರು.

ನಮ್ಮ ಹಳ್ಳಿಮನೆಗಳ ಹಳೆಯ ಇನ್‌ಲ್ಯಾಂಡ್ ಕಾಗದಗಳನ್ನು ಓದಿದವರಿಗೆ ಈ ಒಕ್ಕಣೆ ಹೊಸದೆನಿಸದು. ‘ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಬೇಕು’ ಎಂದು ಶುರುವಾಗುವ ಕಾಗದದಲ್ಲಿ ಹೆಚ್ಚಿನ ಸುದ್ದಿಯೇನೂ ಇರುತ್ತಿರಲಿಲ್ಲ. ಆದರೂ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದ ಹುಡುಗ ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಯಾರೋ ತನ್ನನ್ನು ನೆನೆದರು ಎಂಬುದೇ ಅದರಲ್ಲಿದ್ದ ಸುದ್ದಿ.

ಕಾರ್ಡಿನಿಂದ ಎಸ್‌ಎಂಎಸ್‌ಗೆ

ಇಲ್ಲಿಂದ ಕಥೆ ಎರಡು ಕಡೆ ಒಡೆದು, ಮತ್ತೆ ಒಂದೇ ಕಡೆ ಬಂದು ಸೇರುತ್ತದೆ.

ಒಂದು ದಾರಿ ಜರ್ಮನಿಯ ಬಾನ್ ನಗರದ್ದು. ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಎಂಬ ಎಂಜಿನಿಯರ್ 1985ರಲ್ಲಿ ಟೈಪ್‌ರೈಟರ್ ಮುಂದೆ ಕೂತು, ಮನಸ್ಸಿಗೆ ಬಂದ ಪ್ರಶ್ನೆ, ವಾಕ್ಯಗಳನ್ನೆಲ್ಲ ಬಡಿದು ಅಕ್ಷರ ಎಣಿಸಿದರು. ಬಹುತೇಕ ಎಲ್ಲವೂ 160ರೊಳಗೆ ಮುಗಿಯುತ್ತಿದ್ದವು. ಇಷ್ಟು ಚಿಕ್ಕ ಸಂದೇಶ ಯಾರಿಗೆ ಸಾಕು ಎಂಬ ತಕರಾರಿಗೆ ಅವರ ತಂಡ ಕೊಟ್ಟ ಸಮರ್ಥನೆಗಳಲ್ಲಿ ಅಂಚೆ ಕಾರ್ಡೂ ಒಂದು. ಜನ ಕಾರ್ಡಿನಲ್ಲಿ ಬರೆಯುವುದು ಹೆಚ್ಚಾಗಿ 150 ಅಕ್ಷರಕ್ಕಿಂತ ಕಡಿಮೆ, ಅಷ್ಟರಲ್ಲೇ ಅವರ ಪ್ರೀತಿ, ಸುದ್ದಿ, ವಿಚಾರಣೆ ಎಲ್ಲ ಮುಗಿಯುತ್ತದೆ! ಎಸ್‌ಎಂಎಸ್‌ನ ಅಳತೆ ನಿಗದಿಯಾದದ್ದು ಹೀಗೆ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ. ಅದೂ ಒಂದು ಕ್ರಿಸ್ಮಸ್ ಶುಭಾಶಯ.

ಇನ್ನೊಂದು ದಾರಿ ಆಸ್ಪತ್ರೆಗಳದ್ದು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಗ್ರೆಗರಿ ಕಾರ್ಟರ್ ಮತ್ತು ಸಂಗಡಿಗರು, ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದಿದ್ದ 772 ಮಂದಿಯನ್ನು ಅಧ್ಯಯನಕ್ಕೆ ತೆಗೆದುಕೊಂಡು, ಒಂದು ಗುಂಪಿಗೆ ವರ್ಷದಲ್ಲಿ ಎಂಟು ಅಂಚೆ ಕಾರ್ಡ್ ಕಳಿಸಿದರು. ಅವನ್ನು ಕಳಿಸಿದ್ದು ಲಕೋಟೆಯಲ್ಲಿಟ್ಟು. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮತ್ತೆ ಹಾನಿ ಮಾಡಿಕೊಂಡ ಜನರ ಸಂಖ್ಯೆ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಅಂಥ ಘಟನೆಗಳ ಒಟ್ಟು ಸಂಖ್ಯೆ ಸುಮಾರು ಅರ್ಧಕ್ಕಿಳಿದಿತ್ತು.

ನಮಗೆ ಇನ್ನೂ ಹತ್ತಿರದ್ದು ಚೆನ್ನೈ. ಡಾ. ಲಕ್ಷ್ಮಿ ವಿಜಯಕುಮಾರ್ ಅಲ್ಲಿ 1986ರಲ್ಲಿ ‘ಸ್ನೇಹಾ’ ಸಹಾಯವಾಣಿ ಕಟ್ಟಿದವರು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ, ಬ್ರೆಜಿಲ್‌ನ ಕಂಪಿನಾಸ್, ಇರಾನಿನ ಕರಜ್, ಚೀನಾದ ಯುನ್‌ಚೆಂಗ್‌ಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಅವರೂ ಇದ್ದರು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಮಂದಿಯಲ್ಲಿ ಒಂದು ಗುಂಪಿನವರ ಜೊತೆ ಡಿಸ್ಚಾರ್ಜಿಗೆ ಮುನ್ನ ಒಂದು ಗಂಟೆ ಮಾತಾಡಿ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿಕೊಂಡರು. 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಹೀಗೆ ವಿಚಾರಿಸಿಕೊಂಡ ಗುಂಪಿನಲ್ಲಿ ಅದು ಶೇ 0.2 ಮಾತ್ರ. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಬಂದ ಫಲ ಇದು.

ಎರಡೂ ದಾರಿ ಕೂಡಿದ್ದು ಅಮೆರಿಕದ ಸೇನಾ ನೆಲೆಗಳಲ್ಲಿ. ಕ್ಯಾಥರೀನ್ ಕಾಮ್ಟೋಯ್ಸ್ ತಂಡ, ಸಾಯುವ ಯೋಚನೆ ಕಾಡುತ್ತಿದ್ದ 658 ಸೈನಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷದಲ್ಲಿ 11 ಎಸ್‌ಎಂಎಸ್ ಕಳಿಸಿತು. ಹನ್ನೊಂದರಲ್ಲಿ ಒಂದು ಹುಟ್ಟುಹಬ್ಬದ ದಿನಕ್ಕೆ. 2019ರಲ್ಲಿ ಬಂದ ಫಲಿತಾಂಶ ಮಿಶ್ರವಾಗಿತ್ತು. ಸಂಶೋಧಕರು ಮುಖ್ಯವೆಂದು ಇಟ್ಟುಕೊಂಡಿದ್ದ ಅಳತೆಗಳಲ್ಲಿ ವ್ಯತ್ಯಾಸ ಸಾಬೀತಾಗಲಿಲ್ಲ. ಆದರೆ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಸಂದೇಶ ಪಡೆಯದವರಲ್ಲಿ ಶೇ 15, ಪಡೆದವರಲ್ಲಿ ಶೇ 9 ಇತ್ತು. ಈ ಹೊತ್ತಿಗೆ ಅಲ್ಲಿನ ಯುವಜನ ಸಂದೇಶದಲ್ಲೇ ನೆರವು ಕೇಳುವ ವ್ಯವಸ್ಥೆಯೂ ಬಂದಿತ್ತು. 2013ರಲ್ಲಿ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಶುರುವಾಯಿತು. 2022ರಲ್ಲಿ ಬಂದ 988 ಸಂಖ್ಯೆಗೆ ಕರೆಯನ್ನೂ ಮಾಡಬಹುದು, ಮೆಸೇಜನ್ನೂ ಕಳಿಸಬಹುದು.

ಸಂದೇಶ ಕಳಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನಂಬುವವರಿಗೆ ನಮ್ಮ ಬೆಂಗಳೂರಿನದೇ ಪಾಠವೊಂದಿದೆ. ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಅನಿತಾ ಶೆಟ್ ಮುಂದಾಳತ್ವದಲ್ಲಿ ದಕ್ಷಿಣ ಭಾರತದ 631 ಎಚ್‌ಐವಿ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಮಾತ್ರೆ ಮರೆಯದಿರಲೆಂದು ಒಂದು ಗುಂಪಿಗೆ ವಾರವಾರವೂ ಯಂತ್ರದ ಕರೆ ಮತ್ತು ಚಿತ್ರಸಂದೇಶ ಹೋಗುತ್ತಿತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಕಾಯಿಲೆ ಬೇರೆ, ಉದ್ದೇಶ ಬೇರೆ, ನಿಜ. ಆದರೂ ಯಂತ್ರ ಕಳಿಸಿದ ಜ್ಞಾಪನೆಗೂ, ನಿಮ್ಮ ಮುಖ ನೋಡಿದವರು ಬರೆದ ಎರಡು ಸಾಲಿಗೂ ಇರುವ ಅಂತರವನ್ನು ಮರೆಯುವಂತಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಮೋಟೊ ಪ್ರತಿ ಕಾಗದವನ್ನೂ ಬೇರೆಯಾಗಿ ಟೈಪ್ ಮಾಡಿಸಿದ್ದು ವೃಥಾ ಶ್ರಮವಾಗಿರಲಿಲ್ಲ.

ನಮ್ಮ ಇನ್‌ಬಾಕ್ಸ್‌ಗೆ ಏನಾಯಿತು?

ಎಸ್‌ಎಂಎಸ್ ನಮ್ಮ ಊರಿಗೆ ಮಾಡಿದ್ದೇನು ಎಂದು ನೆನೆದರೆ ಬೇಸರವಾಗುತ್ತದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರ ಫೋನಿಗೆ ‘ನಿಮ್ಮ ಮೇಲೆ ದಾಳಿಯಾಗಲಿದೆ’ ಎಂಬ ವದಂತಿಯ ಸಂದೇಶಗಳು ಬಂದವು. ಹೋಟೆಲ್, ಬ್ಯೂಟಿ ಪಾರ್ಲರ್, ಸೆಕ್ಯುರಿಟಿ ಕೆಲಸ ಬಿಟ್ಟು ಸಾವಿರಾರು ಮಂದಿ ಸಿಟಿ ರೈಲ್ವೆ ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನಗಳ ಕಾಲ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ತಡೆ ಹಾಕಿತು. ಎರಡು ಸಾಲಿಗೆ ಊರು ಬಿಡಿಸುವ ಶಕ್ತಿಯಿದೆ ಎಂದು ಈ ನಗರ ಕಣ್ಣಾರೆ ಕಂಡಿತು. ಅಷ್ಟೇ ಶಕ್ತಿಯಿಂದ ಒಬ್ಬರನ್ನು ಬದುಕಿನಲ್ಲಿ ಉಳಿಸಿಕೊಳ್ಳಬಹುದು ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಈಗ ಇನ್‌ಬಾಕ್ಸ್ ತೆರೆದರೆ ಬ್ಯಾಂಕಿನ ಒಟಿಪಿ, ಸೈಟು ಮಾರುವವರು, ಸಾಲದ ಆ್ಯಪ್‌ನವರು. ಕಾಟ ತಪ್ಪಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2018ರಲ್ಲಿ ನಿಯಮ ತಂದು, ಸಂಸ್ಥೆಗಳು ತಮ್ಮ ಹೆಸರನ್ನೂ ಸಂದೇಶದ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕೆಂದಿತು. ಅಗತ್ಯದ ಕ್ರಮವೇ. ಆದರೆ ಒಂದೇ ಅಚ್ಚಿನಿಂದ ತೆಗೆದ ಸಂದೇಶ ಕ್ಷೇಮ ವಿಚಾರಿಸುವ ಕೆಲಸಕ್ಕೆ ಒದಗದು. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಇಂಗ್ಲಿಷಿಗೆ 160 ಅಕ್ಷರ ಸಿಗುವ ಒಂದು ಎಸ್‌ಎಂಎಸ್‌ನಲ್ಲಿ ಕನ್ನಡ ಲಿಪಿಗೆ ಸಾಮಾನ್ಯವಾಗಿ ಸಿಗುವುದು 70. ಕಾಗುಣಿತದ ಚಿಹ್ನೆಯೂ ಒತ್ತೂ ಅದರಲ್ಲೇ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಕನ್ನಡದಲ್ಲಿ ಕಳಿಸಿದರೆ ಖರ್ಚು ಹೆಚ್ಚೆಂದು ಸಂಸ್ಥೆಗಳು ಇಂಗ್ಲಿಷಿಗೇ ಅಂಟಿಕೊಳ್ಳುತ್ತವೆ.

ಕಾನೂನೂ ಬಹುಕಾಲ ಅಡ್ಡ ನಿಂತಿತ್ತು. ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆ ಯತ್ನ ಒಂದು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧವಾಗಿತ್ತು. ಕ್ಯಾಶುವಾಲ್ಟಿಗೆ ಬಂದ ಕೂಡಲೇ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆಯುವರು, ಪೊಲೀಸರು ಬರುವರು ಎಂಬ ಭಯಕ್ಕೆ ಮನೆಯವರು ಬೇರೇನೋ ಕಾರಣ ಹೇಳಿ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗುತ್ತಿದ್ದರು. ಹೀಗೆ ಮರೆಯಾದವರಿಗೆ ಕಾಗದ ಬರೆಯುವುದಾದರೂ ಯಾವ ವಿಳಾಸಕ್ಕೆ? 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕೆಂದು ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಕಾನೂನು ಬದಲಾದರೂ ಮನೆಗಳಲ್ಲಿ ಆ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಕೇಳಿಸಿಕೊಳ್ಳುವ ವ್ಯವಸ್ಥೆಯಲ್ಲಿ ಮಾತ್ರ ಬೆಂಗಳೂರು ಮುಂದೆಯೇ ಇದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ‘ಟೆಲಿ ಮಾನಸ್’ ರಾಷ್ಟ್ರೀಯ ಸಹಾಯವಾಣಿ ಉದ್ಘಾಟನೆಯಾದದ್ದು ನಿಮ್ಹಾನ್ಸ್‌ನಲ್ಲೇ. ಅದರ ತಾಂತ್ರಿಕ ಬೆನ್ನೆಲುಬು ಇಲ್ಲಿನ ಐಐಐಟಿ. ಸಂಖ್ಯೆ 14416. ಉಚಿತ ಸೇವೆ, ದಿನದ 24 ಗಂಟೆಯೂ, ಕನ್ನಡದಲ್ಲೂ. 2024ರಲ್ಲಿ ಇದರ ಆ್ಯಪ್ ಬಂತು, ವಿಡಿಯೊ ಸಮಾಲೋಚನೆಯೂ ಸೇರಿತು. ಪಾಟರಿ ರಸ್ತೆಯಲ್ಲಿ 2002ರಲ್ಲಿ ಚಿಕ್ಕದಾಗಿ ಆರಂಭವಾದ ಕೆಲಸಕ್ಕೆ ದೇಶದಗಲದ ಹರಹು ಬಂದಂತಾಯಿತು. ಅದೇ 2022ರ ನವೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ, 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ.

ಆದರೆ ಇವೆಲ್ಲವೂ ಮುಖ್ಯವಾಗಿ ಕರೆ ಬಂದ ಮೇಲೆ ನಡೆಯುವ ಕೆಲಸ. ಕರೆ ಮಾಡದವರನ್ನು ನಾವಾಗಿ ವಿಚಾರಿಸುವ ಇನ್ನರ್ಧ ಕೆಲಸ ಬಾಕಿಯಿದೆ. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಕೋಟಿಗಟ್ಟಲೆ ಅನುದಾನವೂ ಬೇಕಿಲ್ಲ. ಡಿಸ್ಚಾರ್ಜ್ ಮಾಡುವಾಗ ರೋಗಿಯ ಒಪ್ಪಿಗೆ ಪಡೆದು ನಂಬರ್ ಬರೆದುಕೊಳ್ಳಬೇಕು. ಮನೆಯಲ್ಲಿ ಫೋನ್ ಬೇರೆಯವರ ಕೈಗೂ ಹೋಗುವುದರಿಂದ ಸಂದೇಶದಲ್ಲಿ ಕಾಯಿಲೆಯ ಹೆಸರು, ಘಟನೆಯ ಸುಳಿವು ಇರಬಾರದು. ವಾರ್ಡಿನಲ್ಲಿ ಮಾತಾಡಿಸಿದ್ದ ಸಿಸ್ಟರ್ ಅಥವಾ ಸಮಾಲೋಚಕರೇ ತಮ್ಮ ಹೆಸರಿನಲ್ಲಿ ಬರೆಯಬೇಕು. ಉತ್ತರ ಬಂದರೆ ಓದುವವರು ಇರಲೇಬೇಕು, ಅಪಾಯದ ಸೂಚನೆ ಕಂಡರೆ ಯಾರು ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು. ಪುಲಿಕೇಶಿನಗರದಂಥ ಕಡೆ ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳುತ್ತವೆ. ರೋಗಿ ಮನೆಯಲ್ಲಾಡುವ ಭಾಷೆಯಲ್ಲೇ ಸಂದೇಶ ಹೋಗಬೇಕು. ಇನ್ನು ಕನ್ನಡಕ್ಕೆ ಜಾಗ ಸಾಲದೆಂಬ ಮಾತು:

‘ಹೇಗಿದ್ದೀರಿ? ನಿಮ್ಮ ನೆನಪಾಯಿತು. ಉತ್ತರ ಬರೆಯಲೇಬೇಕೆಂದಿಲ್ಲ.’

ಒತ್ತು, ಕಾಗುಣಿತ, ನಡುವಿನ ಖಾಲಿ ಜಾಗ ಎಲ್ಲ ಎಣಿಸಿದರೂ ಇದು 70ನ್ನು ದಾಟುವುದಿಲ್ಲ.

ಆಸ್ಪತ್ರೆಗಳು, ಕಾಲೇಜುಗಳು, ಟೆಲಿ ಮಾನಸ್ ನಡೆಸುವವರು ಇದನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಕೋರಿಕೆ. ಚೆನ್ನೈನ ವಾರ್ಡುಗಳಲ್ಲಿ ಫಲ ಕೊಟ್ಟದ್ದು ಇಲ್ಲಿನ ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಫಲ ಕೊಡದೇ ಇರಲು ಕಾರಣವಿಲ್ಲ. ಅವರು ಶುರು ಮಾಡುವವರೆಗೆ ಓದುಗರೂ ಸುಮ್ಮನೆ ಕೂರಬೇಕಿಲ್ಲ. ಪರೀಕ್ಷೆ ಫೇಲಾಗಿ, ಕೆಲಸ ಹೋಗಿ, ಸಂಬಂಧ ಮುರಿದು ಮೌನವಾಗಿರುವ ಹುಡುಗನೋ ಹುಡುಗಿಯೋ ನಿಮ್ಮ ಬಳಗದಲ್ಲೂ ಇರಬಹುದು. ಬುದ್ಧಿ ಹೇಳಬೇಡಿ, ನೀಲಿ ಟಿಕ್ ಬಿದ್ದೂ ಉತ್ತರ ಬರಲಿಲ್ಲವೆಂದು ಮುನಿಯಬೇಡಿ. ವಿಚಾರಿಸಿ, ಕೆಲದಿನ ಬಿಟ್ಟು ಮತ್ತೆ ವಿಚಾರಿಸಿ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ, ಒಬ್ಬರನ್ನೇ ಬಿಡದೆ ಜೊತೆಗಿದ್ದು 14416ಕ್ಕೆ ಫೋನ್ ಮಾಡಿಸಿ. ಜೀವಕ್ಕೆ ಅಪಾಯವಿದೆ ಎನಿಸಿದರೆ 112ಕ್ಕೆ ಕರೆ ಮಾಡಿ. ಇದನ್ನು ಓದುತ್ತಿರುವ ನಿಮ್ಮ ಮನಸ್ಸೇ ಸೋತಿದ್ದರೆ, ಆ ಕರೆಯನ್ನು ನೀವೇ ಮಾಡಿ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡುವವರು ಅಲ್ಲಿದ್ದಾರೆ.